ಆರ್ಕೆಸ್ಟ್ರಾ ರೆಕಾರ್ಡಿಂಗ್‌ನ ಟೆಂಪೋ, ಕೀ, ಮೂಡ್: ಸೈಟ್ ನಂಬದೆ ಕಿವಿಯಿಂದ ಹಿಡಿಯುವುದು ಹೇಗೆ?

ಟ್ರ್ಯಾಕಿನ ಹೆಸರು ಹಾಕಿದರೆ ಸಾಕು, ಟೆಂಪೋ (ವೇಗ) ಇಷ್ಟು, ಕೀ (ಶ್ರುತಿ ಮತ್ತು ಸ್ವರಗಳು) ಇದು, ಮೂಡ್ (ಭಾವ) ಹೀಗೆ ಅಂತ ಮೂರು ಉತ್ತರ ಉದುರಿಸುವ ಸೈಟುಗಳು ಈಗ ಬೇಕಾದಷ್ಟಿವೆ. ಡ್ರಮ್ಸ್ ಇರುವ ಹಾಡಿಗೆ ಅವು ಬಹುತೇಕ ಸರಿಯಾಗೇ ಹೇಳುತ್ತವೆ. ಆರ್ಕೆಸ್ಟ್ರಾಗೆ ಬಂದಾಗ ಎಡವುತ್ತವೆ.

ನಾನು ಎಡವಿದ್ದೂ ಹಾಗೇ. ನಮ್ಮ ತಂಡದ ನಾಟಕದ ಒಂದು ದೃಶ್ಯಕ್ಕೆ ತಂತಿವಾದ್ಯಗಳ ಒಂದು ರೆಕಾರ್ಡಿಂಗ್ ಆರಿಸಿದ್ದೆ, ಅದರ ಮೇಲೆ ಒಬ್ಬರು ಆಲಾಪ ಮಾಡಬೇಕಿತ್ತು. ಸೈಟಿನಲ್ಲಿ ಸಿ ಮೇಜರ್ ಅಂತಿತ್ತು. ನಾನು ಸರಿಯಾಗಿ ಕೇಳಿಯೂ ನೋಡದೆ ಹಾರ್ಮೋನಿಯಂನವರಿಗೆ "ಬಿಳಿ ಒಂದು" (ಅಂದರೆ ಷಡ್ಜ ಸಿ ಮನೆಯಲ್ಲಿ) ಅಂದುಬಿಟ್ಟೆ. ರಿಹರ್ಸಲ್‌ನಲ್ಲಿ ಹಾಡುವವರು ಎರಡು ಸಾಲು ಹಾಡಿ ನಿಲ್ಲಿಸಿದರು. "ಸ್ವರ ಎಲ್ಲಾ ಸೇರ್ತಾ ಇದೆ ಮಾರಾಯ್ರೇ, ಆದ್ರೆ ಷಡ್ಜ ಬೇರೆಲ್ಲೋ ಇದೆ" ಅಂದರು. ಅವರ ಮಾತು ಅಕ್ಷರಶಃ ನಿಜ. ಯಾಕೆ ಅಂತ ಕೀ ಹುಡುಕುವ ಭಾಗದಲ್ಲಿ ಹೇಳುತ್ತೇನೆ.

ಅಭ್ಯಾಸಕ್ಕೆ ಎರಡು ಕೃತಿ ಇಟ್ಟುಕೊಳ್ಳೋಣ. ಒಂದು ಫ್ರಾನ್ಸಿನ ಮಾರಿಸ್ ರಾವೆಲ್ 1928ರಲ್ಲಿ ಬರೆದ "ಬೊಲೆರೊ". ಇದು ಸುಲಭ, ಕೈ ಪಳಗಿಸಿಕೊಳ್ಳಲು. ಇನ್ನೊಂದು ಎಸ್ಟೋನಿಯಾದ ಆರ್ವೋ ಪ್ಯಾರ್ಟ್ 1977ರಲ್ಲಿ ಬರೆದ "ಕ್ಯಾಂಟಸ್ ಇನ್ ಮೆಮೋರಿಯಂ ಬೆಂಜಮಿನ್ ಬ್ರಿಟನ್". ತಂತಿವಾದ್ಯಗಳು ಮತ್ತು ಒಂದೇ ಒಂದು ಗಂಟೆ, ಅಷ್ಟೇ. ಆರೇಳು ನಿಮಿಷದ ಈ ಕೃತಿ ಟೆಂಪೋ, ಕೀ, ಮೂಡ್ ಮೂರರಲ್ಲೂ ಕಿವಿಯನ್ನು ಪರೀಕ್ಷೆ ಮಾಡುತ್ತದೆ. ಇಸಿಎಮ್ ಕಂಪನಿ 1984ರಲ್ಲಿ ತಂದ "ಟಬುಲಾ ರಾಸಾ" ಆಲ್ಬಂನಲ್ಲಿ ಇದಿದೆ. ಬೇರೆ ಆರ್ಕೆಸ್ಟ್ರಾಗಳ ರೆಕಾರ್ಡಿಂಗ್‌ಗಳೂ ಸುಲಭವಾಗಿ ಸಿಗುತ್ತವೆ, ಯಾವುದಾದರೂ ನಡೆಯುತ್ತದೆ.

ಏನೇನು ಬೇಕು?

ಒಳ್ಳೆಯ ಹೆಡ್‌ಫೋನ್. ಫೋನಿನ ಸ್ಪೀಕರ್ ಬೇಡ, ತೀರಾ ಕೆಳಗಿನ ಸ್ವರ ನುಡಿಸುವ ದೊಡ್ಡ ತಂತಿವಾದ್ಯ ಡಬಲ್ ಬಾಸ್ ಅದರಲ್ಲಿ ಕೇಳಿಸುವುದೇ ಇಲ್ಲ. ಶ್ರುತಿ ಬದಲಿಸಲು ಬರುವ ತಂಬೂರಿ ಆ್ಯಪ್. ಟ್ಯಾಪ್ ಮಾಡಿ ಟೆಂಪೋ ನೋಡುವ ಮೆಟ್ರೊನೋಮ್ ಆ್ಯಪ್. ಕಾಗದ, ಪೆನ್ನು. ಕಂಪ್ಯೂಟರ್ ಇದ್ದರೆ ಆಡಾಸಿಟಿ ಮತ್ತು ಸಾನಿಕ್ ವಿಶುವಲೈಸರ್ ಅನ್ನುವ, ರೆಕಾರ್ಡಿಂಗನ್ನು ಬಿಡಿಸಿ ನೋಡುವ ಸಾಫ್ಟ್‌ವೇರ್ ಹಾಕಿಕೊಳ್ಳಿ, ಎರಡೂ ಉಚಿತ. ಪಾಶ್ಚಾತ್ಯ ಸಂಗೀತ ಓದಲು ಬರಬೇಕಾಗಿಲ್ಲ. ಸರಳೆ ವರಸೆಯಷ್ಟು ಗೊತ್ತಿದ್ದರೆ ಧಾರಾಳ ಸಾಕು.

ಹೆಜ್ಜೆ 1: ಒಮ್ಮೆ ಸುಮ್ನೆ ಕೇಳಿ

ಪೆನ್ನು ಕೆಳಗಿಡಿ. ಹೆಸರು, ಹಿನ್ನೆಲೆ ಏನನ್ನೂ ಓದಬೇಡಿ. ಕ್ಯಾಂಟಸ್ ಬರೆದದ್ದು 1976ರ ಡಿಸೆಂಬರ್ 4ರಂದು ತೀರಿಕೊಂಡ ಇಂಗ್ಲಿಷ್ ಸಂಗೀತಕಾರ ಬ್ರಿಟನ್ ಅವರ ನೆನಪಿಗೆ. ಇದನ್ನು ನಾನು ಈಗಾಗಲೇ ಹೇಳಿ ನಿಮ್ಮ ಕಿವಿ ಕೆಡಿಸಿದ್ದೇನೆ, ಕ್ಷಮಿಸಿ. ಬೇರೆ ಕೃತಿ ಕೇಳುವಾಗಲಾದರೂ ಈ ತಪ್ಪು ಆಗದಿರಲಿ. ಸಾವಿನ ಸುದ್ದಿ ಮೊದಲೇ ಗೊತ್ತಿದ್ದರೆ ಯಾವ ಸ್ವರ ಕೇಳಿದರೂ ಅಳುವಿನ ಹಾಗೇ ಕಾಣುತ್ತದೆ.

ಮುಗಿದ ಮೇಲೆ ಮೂರು ವಿಷಯ ಗೀಚಿಕೊಳ್ಳಿ: ಕಾಲು ತಾಳ ಹಾಕಿತೇ, ಕೊನೆಯಲ್ಲಿ ಯಾವ ಸ್ವರ ಬಾಯಲ್ಲಿ ಉಳಿಯಿತು, ಕೇಳುವಾಗ ಉಸಿರು ಹಗುರಾಯಿತೇ ಬಿಗಿಯಾಯಿತೇ.

ಹೆಜ್ಜೆ 2: ಟೆಂಪೋ

ಟೆಂಪೋ ಅಂದರೆ ನಿಮಿಷಕ್ಕೆ ಎಷ್ಟು ಬೀಟ್. ನಮ್ಮ ಕಾಲಪ್ರಮಾಣವೇ, ಆದರೆ ಅಂಕಿಯಲ್ಲಿ. ಬೊಲೆರೊ ಹಾಕಿ. ಶುರುವಿನಿಂದ ಕೊನೆಯವರೆಗೂ ಸ್ನೇರ್ ಡ್ರಮ್ ಒಂದೇ ನಡೆ ಬಾರಿಸುತ್ತಲೇ ಇರುತ್ತದೆ, ಪಾಪ ಆ ವಾದಕರ ಕೈ. ಒಂದೊಂದು ಬಾರ್‌ಗೆ (ನಮ್ಮ ತಾಳದ ಆವರ್ತದ ಹಾಗೆ) ಮೂರು ಬೀಟ್. ಒಂದು, ಎರಡು, ಮೂರು ಅಂತ ಎಣಿಸುತ್ತಾ ಟ್ಯಾಪ್ ಮಾಡಿ, ಕಡಿಮೆ ಅಂದರೂ 20 ಸಲ. ನಾಲ್ಕೈದು ಟ್ಯಾಪ್‌ಗೆ ಬರುವ ಅಂಕಿಯನ್ನು ನಂಬಬೇಡಿ.

ಟ್ಯಾಪ್ ಮಾಡದೆಯೂ ಸರಾಸರಿ ತೆಗೆಯಬಹುದು, ನನಗೆ ಇದೇ ಇಷ್ಟ. ಬೊಲೆರೊದಲ್ಲಿ 340 ಬಾರ್ ಇವೆ. ಬಾರ್‌ಗೆ ಮೂರರಂತೆ 1020 ಬೀಟ್. ರೆಕಾರ್ಡಿಂಗ್ ಎಷ್ಟು ನಿಮಿಷ ಅಂತ ನೋಡಿ ಭಾಗಿಸಿ. ಟ್ರ್ಯಾಕಿನ ಕೊನೆಯಲ್ಲಿ ಚಪ್ಪಾಳೆ, ಮೌನ ಇದ್ದರೆ ಅಷ್ಟನ್ನು ಕಳೆಯಿರಿ. ಅಚ್ಚಾದ ಸ್ವರಲಿಪಿಯಲ್ಲಿರುವ 72ರ ವೇಗದಲ್ಲಿ ನುಡಿಸಿದರೆ 14 ನಿಮಿಷ 10 ಸೆಕೆಂಡಿಗೆ ಮುಗಿಯಬೇಕು. ಆದರೆ ರಾವೆಲ್ ಅವರೇ 1930ರಲ್ಲಿ ನಡೆಸಿದ ರೆಕಾರ್ಡಿಂಗ್ ಸುಮಾರು 15 ನಿಮಿಷ 50 ಸೆಕೆಂಡ್ ಇದೆ, ಅಂದರೆ 64ರ ಆಸುಪಾಸು. ಅದೇ ವರ್ಷ ಮೇ ತಿಂಗಳಲ್ಲಿ ಪ್ಯಾರಿಸ್‌ನಲ್ಲಿ ಕಂಡಕ್ಟರ್ ತೊಸ್ಕನಿನಿ ಇದನ್ನು ಜೋರಾಗಿ ಓಡಿಸಿದಾಗ ರಾವೆಲ್ ಸಿಟ್ಟಾಗಿದ್ದರು. ಹಾಗಾಗಿ "ಬೊಲೆರೊದ ಟೆಂಪೋ ಎಷ್ಟು?" ಅನ್ನುವ ಪ್ರಶ್ನೆಗೆ ಅರ್ಥವೇ ಇಲ್ಲ. ಯಾರ ರೆಕಾರ್ಡಿಂಗ್ ಅಂತ ಮೊದಲು ಕೇಳಬೇಕು.

ಸಾಫ್ಟ್‌ವೇರ್ ಎಲ್ಲಿ ತಪ್ಪುತ್ತದೆ? ದುಪ್ಪಟ್ಟು ಇಲ್ಲವೇ ಅರ್ಧ ಹೇಳುವುದರಲ್ಲಿ. 72 ಇದ್ದದ್ದಕ್ಕೆ 144 ಅನ್ನಬಹುದು, 36 ಅನ್ನಬಹುದು. ಅಂಕಿ ನೋಡಿ ಕೈಯಲ್ಲಿ ತಾಳ ಹಾಕಿದಾಗ ಒದ್ದಾಟ ಅನಿಸಿದರೆ ಎರಡರಿಂದ ಭಾಗಿಸಿ ಅಥವಾ ಗುಣಿಸಿ ನೋಡಿ. ಮೂರರ ನಡೆ ಇದ್ದರೆ ಮೂರರಿಂದ.

ಈಗ ಕ್ಯಾಂಟಸ್. ಇಲ್ಲಿ ಡ್ರಮ್ ಇಲ್ಲ, ಮೆತ್ತಗೆ ಎಳೆಯುವ ಕಮಾನು ಮಾತ್ರ. ಸ್ವರ ಎಲ್ಲಿ ಶುರುವಾಯಿತು ಅಂತ ಸಾಫ್ಟ್‌ವೇರ್‌ಗೆ ಗೊತ್ತಾಗುವುದೇ ಕಷ್ಟ. ಸ್ವರಲಿಪಿಯಲ್ಲಿರುವ ಗುರುತು ನಿಮಿಷಕ್ಕೆ 112ರಿಂದ 120 ಬೀಟ್. ಅಂಕಿ ನೋಡಿದರೆ ಕುಣಿಯುವ ವೇಗ, ಅಲ್ವಾ? ಕೇಳಿದರೆ ಹೆಣದ ಮೆರವಣಿಗೆಗಿಂತ ನಿಧಾನ. ಎರಡೂ ಸರಿ.

ಸರಳೆ ವರಸೆಯನ್ನು ಮೂರು ಕಾಲದಲ್ಲಿ ಹಾಡಿ ಅಭ್ಯಾಸ ಮಾಡಿದವರಿಗೆ ಇದರ ಗುಟ್ಟು ತಟ್ಟನೆ ಹೊಳೆಯುತ್ತದೆ. ಒಂದೇ ವರಸೆ, ಐದು ಜನ, ಐದು ಕಾಲ, ಎಲ್ಲಾ ಒಟ್ಟಿಗೆ! ಮೊದಲ ಪಿಟೀಲುಗಳು ಮೇಲಿನ ಎ ಸ್ವರದಿಂದ ಇಳಿಯುತ್ತವೆ. ನಮ್ಮ ಲೆಕ್ಕದಲ್ಲಿ ಸ, ಆಮೇಲೆ ಸ ನಿ, ಆಮೇಲೆ ಸ ನಿ ದ, ಆಮೇಲೆ ಸ ನಿ ದ ಪ. ಪ್ರತಿ ಸಲವೂ ಮೇಲಿಂದ ಶುರು, ಪ್ರತಿ ಸಲವೂ ಒಂದು ಮೆಟ್ಟಿಲು ಜಾಸ್ತಿ. ಎರಡನೇ ಪಿಟೀಲುಗಳು ಅದನ್ನೇ ಒಂದು ಸ್ಥಾಯಿ ಕೆಳಗೆ, ಅರ್ಧ ವೇಗದಲ್ಲಿ ನುಡಿಸುತ್ತವೆ. ವಿಯೋಲಾ ಅದರ ಅರ್ಧ, ಚೆಲ್ಲೋ ಅದರರ್ಧ, ಡಬಲ್ ಬಾಸ್ ಅದರರ್ಧ. ಅಂದರೆ ಬಾಸ್ ಮೊದಲ ಪಿಟೀಲಿಗಿಂತ 16 ಪಟ್ಟು ನಿಧಾನ.

ಟ್ಯಾಪ್ ಮಾಡುವುದು ಹೀಗೆ. ಸ್ವರಗಳು ಉದ್ದ, ಗಿಡ್ಡ, ಉದ್ದ, ಗಿಡ್ಡ ಅಂತ ಬರುತ್ತವೆ. ಉದ್ದದ್ದು ಎರಡು ಬೀಟ್, ಗಿಡ್ಡದ್ದು ಒಂದು. ಮೊದಲ ಪಿಟೀಲನ್ನು ಮಾತ್ರ ಹಿಂಬಾಲಿಸಿ. ಉದ್ದ ಸ್ವರ ಶುರುವಾದಾಗೆಲ್ಲ ಒಂದು ಟ್ಯಾಪ್. ಬಂದ ಅಂಕಿಯನ್ನು ಮೂರರಿಂದ ಗುಣಿಸಿ. 38 ಬಂದರೆ ಟೆಂಪೋ 114. ಮೊದಲ ಒಂದೂವರೆ ನಿಮಿಷದೊಳಗೆ ಈ ಕೆಲಸ ಮುಗಿಸಿಕೊಳ್ಳಿ, ಆಮೇಲೆ ಕೆಳಗಿನ ವಾದ್ಯಗಳು ತುಂಬಿಕೊಂಡು ಪಿಟೀಲು ಬೇರೆಯಾಗಿ ಸಿಗುವುದು ಕಷ್ಟ. 120ರ ವೇಗದಲ್ಲಿ ಪಿಟೀಲಿನ ಉದ್ದ ಸ್ವರ ಒಂದು ಸೆಕೆಂಡ್ ಇದ್ದರೆ ಡಬಲ್ ಬಾಸಿನ ಉದ್ದ ಸ್ವರ 16 ಸೆಕೆಂಡ್. ನಮ್ಮ ಮೈ ಗುರುತಿಸುವುದು ಈ ಬಾಸನ್ನೇ. ಅದಕ್ಕೇ ನಿಧಾನ ಅನಿಸುವುದು.

ಇನ್ನೂ ನಿಖರವಾಗಿ ಬೇಕಾದವರು ಸಾನಿಕ್ ವಿಶುವಲೈಸರ್‌ನಲ್ಲಿ ಫೈಲ್ ತೆರೆದು, ಟ್ರ್ಯಾಕ್ ಓಡುತ್ತಿರುವಾಗ ಬೀಟ್ ಬಂದಾಗೆಲ್ಲ ಸೆಮಿಕೋಲನ್ ಕೀಲಿ ಒತ್ತಿ. ಪ್ರತಿ ಸಲವೂ ಒಂದು ಗೆರೆ ಬೀಳುತ್ತದೆ. ಆಮೇಲೆ ಆ ಗೆರೆಗಳಿಗೆ ಟೆಂಪೋ ಲೇಬಲ್ ಹಾಕಿಸಬಹುದು, ಎಲ್ಲಿ ಎಳೆದರು, ಎಲ್ಲಿ ಓಡಿಸಿದರು ಅಂತ ಕಣ್ಣಿಗೇ ಕಾಣುತ್ತದೆ. ಆರ್ಕೆಸ್ಟ್ರಾ ಯಂತ್ರವಲ್ಲ. ಒಂದೇ ಅಂಕಿ ಬರೆಯಬೇಡಿ, "64ರಿಂದ 68" ಅಂತ ಬರೆಯಿರಿ.

ಹೆಜ್ಜೆ 3: ಕೀ, ಅಂದರೆ ಷಡ್ಜ ಎಲ್ಲಿ?

ಕೀ ಅನ್ನುವುದರಲ್ಲಿ ಎರಡು ಪ್ರಶ್ನೆ ಇವೆ: ಷಡ್ಜ ಯಾವ ಮನೆಯಲ್ಲಿದೆ, ಅದರ ಮೇಲೆ ಕೂತಿರುವ ಸ್ವರಗಳು ಯಾವುವು. ಹಾರ್ಮೋನಿಯಂ ಭಾಷೆಯಲ್ಲಿ ಸಿ ಅಂದರೆ ಬಿಳಿ ಒಂದು, ಇ ಅಂದರೆ ಬಿಳಿ ಮೂರು, ಎ ಅಂದರೆ ಬಿಳಿ ಆರು.

ಮೊದಲು ಕೊನೆಯ 30 ಸೆಕೆಂಡ್ ಕೇಳಿ. ಅತ್ಯಂತ ಕೆಳಗಿನ ಸ್ವರವನ್ನು ಗುನುಗಿ ಹಿಡಿದುಕೊಳ್ಳಿ. ತಂಬೂರಿ ಆ್ಯಪ್ ಹಾಕಿ, ಶ್ರುತಿಯನ್ನು ಅದಕ್ಕೆ ಸೇರಿಸಿ. ಈಗ ತಂಬೂರಿ ನುಡಿಯುತ್ತಿರುವಾಗಲೇ ಕೃತಿಯ ಆರಂಭ, ನಡುವಿನ ಎರಡು ಜಾಗ ಹಾಕಿ ಕೇಳಿ. ಹಾಲು ಸಕ್ಕರೆ ಬೆರೆತಂತೆ ಕೂತರೆ ಅದೇ ಷಡ್ಜ. ಎಲ್ಲೋ ಒಂದು ಕಡೆ ಕಚ್ಚಿದರೆ ಅಲ್ಲಿ ಷಡ್ಜವೇ ಎದ್ದು ಬೇರೆ ಮನೆಗೆ ಹೋಗಿದೆ ಅಂತರ್ಥ. ನಮ್ಮ ಕಿವಿಗೆ ಇದೇ ಹೊಸದು. ನಮ್ಮಲ್ಲಿ ಕಛೇರಿ ಮುಗಿಯುವವರೆಗೂ ಶ್ರುತಿ ಅಲ್ಲಾಡುವುದಿಲ್ಲ. ಬೊಲೆರೊ ಇಡೀ ಕಾಲು ಗಂಟೆ ಬಿಳಿ ಒಂದರಲ್ಲಿ ಕೂತಿದ್ದು, ಇನ್ನೇನು ಮುಗಿಯಿತು ಅನ್ನುವಾಗ ದಿಢೀರಂತ ಬಿಳಿ ಮೂರಕ್ಕೆ ಹಾರಿ, ಎಂಟೇ ಬಾರ್ ಅಲ್ಲಿದ್ದು ವಾಪಸ್ ಬಂದುಬಿಡುತ್ತದೆ. ತಂಬೂರಿ ಹಾಕಿಕೊಂಡು ಆ ಜಾಗ ಕೇಳಿ ನೋಡಿ, ಮೈ ಜುಮ್ಮೆನ್ನುತ್ತದೆ.

ಷಡ್ಜ ಸಿಕ್ಕ ಮೇಲೆ ಗಾಂಧಾರ ನೋಡಿ. ಮೇಜರ್, ಮೈನರ್ ಅನ್ನುವ ಭೇದದ ಮುಕ್ಕಾಲು ಪಾಲು ಅಲ್ಲೇ ಇದೆ. ಅಂತರ ಗಾಂಧಾರ ಇದ್ದರೆ ಮೇಜರ್, ಸಾಧಾರಣ ಗಾಂಧಾರ ಇದ್ದರೆ ಮೈನರ್. ಮೇಜರ್ ಸ್ಕೇಲ್ ಅಂದರೆ ನಮ್ಮ ಶಂಕರಾಭರಣದ ಸ್ವರಗಳು, ನ್ಯಾಚುರಲ್ ಮೈನರ್ ಅಂದರೆ ನಠಭೈರವಿಯವು. ನಿಷಾದ ಮೇಲೇರಿ ಕಾಕಲಿಯಾದರೆ ಅದು ಹಾರ್ಮೋನಿಕ್ ಮೈನರ್, ಕೀರವಾಣಿ. ರಾಗ ಅಂತಲ್ಲ, ಸ್ವರಸ್ಥಾನ ಮಾತ್ರ. ಗಮಕ ಹುಡುಕಲು ಹೋಗಬೇಡಿ.

ಈಗ ನನ್ನ ನಾಟಕದ ಎಡವಟ್ಟಿಗೆ ಬರೋಣ. ಶಂಕರಾಭರಣದ ಧೈವತವನ್ನೇ ಷಡ್ಜ ಮಾಡಿಕೊಂಡು ಅವೇ ಸ್ವರ ಹಾಡಿದರೆ ನಠಭೈರವಿ ಬರುತ್ತದೆ. ಗ್ರಹಭೇದ ಕಲಿತವರಿಗೆ ಇದು ಮೊದಲ ಪಾಠ. ಹಾಗಾಗಿ ಸಿ ಮೇಜರ್‌ಗೂ ಎ ಮೈನರ್‌ಗೂ ಸ್ವರಗಳು ಒಂದೇ, ಎಲ್ಲಾ ಬಿಳಿ ಮನೆಗಳೇ. ಸಾಫ್ಟ್‌ವೇರ್ ಸಾಮಾನ್ಯವಾಗಿ ಮಾಡುವುದೇನೆಂದರೆ, 12 ಸ್ವರಗಳಲ್ಲಿ ಯಾವುದು ಎಷ್ಟು ಜೋರಾಗಿ ಕೇಳಿಸುತ್ತದೆ ಅಂತ ಲೆಕ್ಕ ಹಾಕಿ, ಆ ಪಟ್ಟಿಯನ್ನು 24 ಕೀಗಳ ಅಚ್ಚುಗಳ ಜೊತೆ ಹೋಲಿಸಿ ಹತ್ತಿರದ್ದನ್ನು ಆರಿಸುತ್ತದೆ. ಎರಡು ಅಚ್ಚು ಇಷ್ಟು ಹತ್ತಿರ ಇದ್ದಾಗ ಅದೃಷ್ಟ ಕೆಟ್ಟರೆ ಪಕ್ಕದ್ದು ಬರುತ್ತದೆ. ಸ್ವರ ಎಲ್ಲಾ ಸೇರಿದರೂ ಷಡ್ಜ ಎಲ್ಲೋ ಇದ್ದದ್ದು ಇದಕ್ಕೇ.

ಕ್ಯಾಂಟಸ್‌ನಲ್ಲೂ ಶುರುವಿನಿಂದ ಬಿಳಿ ಮನೆಗಳೇ. ಆದರೆ ಕಿವಿಗೆ ಗೊಂದಲವೇ ಇಲ್ಲ. ಗಂಟೆ ನುಡಿಯುವುದು ಎ ಸ್ವರ. ಪ್ರತಿ ವರಸೆ ಶುರುವಾಗುವುದೂ ಎ ಸ್ವರದಿಂದ. ಸಾಲದ್ದಕ್ಕೆ ವಿಯೋಲಾ ಬಿಟ್ಟು ಉಳಿದ ಗುಂಪುಗಳು ಎರಡು ಪಾಲಾಗಿ, ಅರ್ಧ ಜನ ಸ್ಕೇಲ್ ಇಳಿಯುತ್ತಿದ್ದರೆ ಇನ್ನರ್ಧ ಜನ ಎ, ಸಿ, ಇ ಮೂರನ್ನು ಬಿಟ್ಟು ಬೇರೇನೂ ನುಡಿಸುವುದಿಲ್ಲ. ನಮ್ಮ ಲೆಕ್ಕದಲ್ಲಿ ಸ, ಗ, ಪ. ಒಂದು ರೀತಿಯಲ್ಲಿ ತಂಬೂರಿಯೇ ಎದ್ದು ಓಡಾಡಿದ ಹಾಗೆ. ಪ್ಯಾರ್ಟ್ ಈ ಕ್ರಮಕ್ಕೆ ಇಟ್ಟ ಹೆಸರು ಟಿಂಟಿನಾಬುಲಿ, ಪುಟ್ಟ ಗಂಟೆಗಳು ಅನ್ನುವ ಲ್ಯಾಟಿನ್ ಪದ ಅದು.

ಕಿವಿಯ ಮೇಲೆ ನಂಬಿಕೆ ಸಾಲದಿದ್ದರೆ ಆಡಾಸಿಟಿಯಲ್ಲಿ ಕೊನೆಯ ಕೆಲವು ಸೆಕೆಂಡ್ ಆಯ್ದು, ಅನಲೈಜ್ ಮೆನುವಿನಲ್ಲಿ ಪ್ಲಾಟ್ ಸ್ಪೆಕ್ಟ್ರಂ ಒತ್ತಿ. ಸೈಜ್ ಅನ್ನು ದೊಡ್ಡದಾಗಿಡಿ, 16384 ಅಥವಾ ಅದಕ್ಕೂ ಹೆಚ್ಚು. ಸಣ್ಣದಿದ್ದರೆ ಬಾಸಿನ ಜಾಗದಲ್ಲಿ ಪಕ್ಕಪಕ್ಕದ ಎರಡು ಸ್ವರ ಒಂದೇ ಗುಡ್ಡೆಯಾಗಿ ಕಾಣುತ್ತವೆ. ಶಿಖರದ ಮೇಲೆ ಕರ್ಸರ್ ಇಟ್ಟರೆ ಸ್ವರದ ಹೆಸರು ಕೆಳಗೆ ಬರುತ್ತದೆ.

ಇನ್ನೊಂದು ಕಿರಿಕಿರಿ. ತಂಬೂರಿ ಆ್ಯಪ್‌ನ ಎ ಸಾಮಾನ್ಯವಾಗಿ 440 ಹರ್ಟ್ಜ್‌ನಲ್ಲಿರುತ್ತದೆ. ಯುರೋಪಿನ ಹಲವು ಆರ್ಕೆಸ್ಟ್ರಾಗಳು 442, 443ಕ್ಕೆ ಶ್ರುತಿ ಮಾಡುತ್ತವೆ. 443 ಅಂದರೆ ಸುಮಾರು 12 ಸೆಂಟ್ ಮೇಲೆ (ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಮನೆಗಳ ನಡುವೆ 100 ಸೆಂಟ್). ಎರಡೂ ಒಟ್ಟಿಗೆ ನುಡಿದರೆ ಸೆಕೆಂಡಿಗೆ ಮೂರು ಸಲ ವಾಂವ್ ವಾಂವ್ ಅನ್ನುತ್ತದೆ. ಷಡ್ಜ ತಪ್ಪಿತು ಅಂತ ಗಾಬರಿಯಾಗಬೇಡಿ, ಆ್ಯಪ್‌ನಲ್ಲಿ ಫೈನ್ ಟ್ಯೂನ್ ಸ್ವಲ್ಪ ಏರಿಸಿ.

ಕೀ, ಟೆಂಪೋ ಎರಡೂ ಇಲ್ಲದ ಕೃತಿಗಳೂ ಇವೆ. ಸಂಗೀತಕಾರ ಲಿಗೆಟಿ 1961ರಲ್ಲಿ ಬರೆದ "ಅಟ್ಮೊಸ್ಫಿಯರ್ಸ್" ಶುರುವಾಗುವುದೇ ಆರ್ಕೆಸ್ಟ್ರಾದ ಬಹುಪಾಲು ವಾದ್ಯಗಳು ಒಟ್ಟಿಗೆ ಹಿಡಿದ, ಪಕ್ಕಪಕ್ಕದ ಸ್ವರಗಳ ಒಂದು ದೊಡ್ಡ ಮೋಡದಿಂದ. ಅದರ ಮುಂದೆ "ಕೀ ಇಲ್ಲ, ಬೀಟ್ ಇಲ್ಲ" ಅಂತಲೇ ಬರೆಯಿರಿ. ಅಂಥದ್ದಕ್ಕೂ ಒಂದು ಸೈಟು ಡಿ ಶಾರ್ಪ್ ಮೇಜರ್ ಅಂದರೆ ಪೇಜ್ ಮುಚ್ಚಿ.

ಹೆಜ್ಜೆ 4: ಮೂಡ್

ಇಲ್ಲಿ ಅಂಕಿ ಕೊಡುವುದೇ ಒಂಥರಾ ತಮಾಷೆ. ಸ್ಪಾಟಿಫೈ ಹೊರಗಿನವರಿಗೆ ಕೊಡುತ್ತಿದ್ದ ಮಾಹಿತಿಯಲ್ಲಿ ವ್ಯಾಲೆನ್ಸ್ ಅಂತ ಸೊನ್ನೆಯಿಂದ ಒಂದರವರೆಗಿನ ಅಂಕಿ ಇರುತ್ತಿತ್ತು: ಒಂದರ ಹತ್ತಿರ ಇದ್ದರೆ ಖುಷಿ, ಸೊನ್ನೆಯ ಹತ್ತಿರ ಇದ್ದರೆ ದುಃಖ ಅಥವಾ ಸಿಟ್ಟು. 2024ರ ನವೆಂಬರ್‌ನಲ್ಲಿ ಹೊಸ ಆ್ಯಪ್‌ಗಳಿಗೆ ಆ ಬಾಗಿಲು ಮುಚ್ಚಿದರು. ಇಡೀ ಕೃತಿಗೆ ಒಂದೇ ಅಂಕಿ ಅನ್ನುವುದು ಮೂರು ನಿಮಿಷದ ಹಾಡಿಗೆ ಹೇಗೋ ಸರಿಹೋಗಬಹುದು. ಪಿಸುಮಾತಿನಲ್ಲಿ ಶುರುವಾಗಿ ಅಬ್ಬರದಲ್ಲಿ ಮುಗಿಯುವ ಬೊಲೆರೊಗೆ ಸರಾಸರಿ ತೆಗೆದರೆ ಏನು ಸಿಗುತ್ತದೆ ಹೇಳಿ?

ಆದರೂ ಆ ಅಂಕಿಯ ಹಿಂದಿನ ಯೋಚನೆ ಉಪಯೋಗದ್ದೇ. ಜೇಮ್ಸ್ ರಸೆಲ್ ಅನ್ನುವ ಮನಶ್ಶಾಸ್ತ್ರಜ್ಞ 1980ರಲ್ಲಿ ಭಾವನೆಗಳನ್ನು ಎರಡು ಗೆರೆಗಳ ಮೇಲೆ ಇಟ್ಟರು. ಅಡ್ಡ ಗೆರೆ ಹಿತವೇ ಅಹಿತವೇ ಅನ್ನುವುದು, ಉದ್ದ ಗೆರೆ ಚುರುಕೇ ಮಂಕೇ ಅನ್ನುವುದು. ಕಾಗದದ ಮೇಲೆ ಕೂಡಿಸುವ ಗುರುತಿನ ಹಾಗೆ ಎರಡು ಗೆರೆ ಎಳೆಯಿರಿ. ನಿಮಿಷಕ್ಕೊಂದು ಚುಕ್ಕೆ ಇಡುತ್ತಾ ಹೋಗಿ, ಆಮೇಲೆ ಚುಕ್ಕೆಗಳನ್ನು ರಂಗೋಲಿಯ ಹಾಗೆ ಸೇರಿಸಿ. ಆ ದಾರಿಯೇ ಮೂಡ್.

ಚುಕ್ಕೆ ಎಲ್ಲಿಡಬೇಕು ಅಂತ ತೋಚದಿದ್ದರೆ ನಾಲ್ಕು ವಿಷಯ ಗಮನಿಸಿ: ಸದ್ದು ಎಷ್ಟು, ಸ್ವರ ಮೇಲಿದೆಯೇ ಕೆಳಗಿದೆಯೇ, ಎಷ್ಟು ವಾದ್ಯ ಒಟ್ಟಿಗಿವೆ, ಸ್ವರಗಳು ಒಂದಕ್ಕೊಂದು ಉಜ್ಜುತ್ತಿವೆಯೇ. ಕ್ಯಾಂಟಸ್‌ನಲ್ಲಿ ಮೊದಲು ಒಂದೇ ಗಂಟೆ, ತೀರಾ ಮೆಲ್ಲಗೆ. ಪಿಟೀಲು ಎಲ್ಲೋ ಮೇಲೆ. ಆಮೇಲೆ ಒಂದೊಂದೇ ಗುಂಪು ಕೆಳಗಿನಿಂದ ತುಂಬಿಕೊಳ್ಳುತ್ತಾ, ಸದ್ದು ಏರುತ್ತಾ, ಕೊನೆಗೆ ಇಡೀ ವೃಂದ ಕಿವಿ ತುಂಬುವಷ್ಟು ಜೋರಾಗುತ್ತದೆ. ಸದ್ದು ಏರಿದರೆ ಚುರುಕು ಏರಬೇಕು ತಾನೇ? ಇಲ್ಲಿ ಆಗುವುದು ಉಲ್ಟಾ. ಮೊದಲ ಪಿಟೀಲುಗಳು ಇಳಿದು ಇಳಿದು ತಮ್ಮ ಕೊನೆಯ ಸ್ವರ ಮುಟ್ಟಿ ಅಲ್ಲೇ ನಿಂತುಬಿಡುತ್ತವೆ. ಆಮೇಲೆ ಎರಡನೆಯವು. ವೇಗದ ದನಿಗಳು ಹೀಗೆ ಒಂದೊಂದಾಗಿ ನಿಂತಂತೆ ಉಳಿಯುವುದು ನಿಧಾನದವು ಮಾತ್ರ. ಮೆಟ್ರೊನೋಮ್ ಒಂದು ಕೂದಲೂ ಅಲ್ಲಾಡಿಲ್ಲ, ಆದರೆ ಸಂಗೀತ ಭಾರವಾಗಿ ಭಾರವಾಗಿ ನೆಲಕ್ಕೆ ಕೂತ ಹಾಗೆ ಆಗುತ್ತದೆ. ಟೆಂಪೋ ಹೆಜ್ಜೆಯಲ್ಲಿ ಐದು ಕಾಲ ಬಿಡಿಸಿಕೊಂಡಿರದಿದ್ದರೆ ಈ ಮೂಡ್ ಎಲ್ಲಿಂದ ಬಂತು ಅಂತಲೇ ಗೊತ್ತಾಗುತ್ತಿರಲಿಲ್ಲ.

ಮೈನರ್ ಅಂದ ಕೂಡಲೇ ದುಃಖ ಅಂತ ಬರೆದು ಕೈ ತೊಳೆದುಕೊಳ್ಳಬೇಡಿ. ಹೆಚ್ಚುಕಡಿಮೆ ಇವೇ ಸ್ವರಗಳ ಜೌನ್‌ಪುರಿ ಕೇಳಿ ಯಾರೂ ಅಳುತ್ತಾ ಕೂರುವುದಿಲ್ಲ. ಇನ್ನೊಂದು ಎಚ್ಚರಿಕೆ: ಸಂಗೀತದಲ್ಲಿ ಕಂಡ ಭಾವ ಬೇರೆ, ನಿಮಗೆ ಆದದ್ದು ಬೇರೆ. ಕ್ಯಾಂಟಸ್ ನನಗೆ ಕೇಳಿಸುವುದು ಶೋಕದ ಹಾಗೆ. ಆದರೆ ಕೇಳಿ ಮುಗಿದಾಗ ನಾನು ಸಮಾಧಾನವಾಗಿರುತ್ತೇನೆ. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಕರುಣ, ಶಾಂತ ಅನ್ನುವ ಪದಗಳು ನಮ್ಮ ಹತ್ತಿರ ಇರುವಾಗ "ಸ್ಯಾಡ್", "ಕಾಮ್" ಅಂತ ಟ್ಯಾಗ್ ಹಾಕುವುದು ಯಾಕೋ ನನಗೆ ರುಚಿಸುವುದಿಲ್ಲ.

ಹೆಜ್ಜೆ 5: ಬರೆದಿಡುವುದು

ನನ್ನ ನೋಟ್‌ಬುಕ್‌ನಲ್ಲಿ ಕ್ಯಾಂಟಸ್ ಮುಂದೆ ಇರುವುದು ಇಷ್ಟು: "ಪಿಟೀಲಿನ ಎಣಿಕೆಗೆ 114, ಮೈಗೆ ಅನಿಸುವುದು ಅದರ ಎಷ್ಟೋ ಪಾಲು ಕಡಿಮೆ. ಬಿಳಿ ಆರು, ನ್ಯಾಚುರಲ್ ಮೈನರ್, ಎಲ್ಲೂ ಷಡ್ಜ ಬದಲಿಲ್ಲ. ಮೆಲ್ಲಗೆ ಮೇಲಿನಿಂದ ಶುರು, ಜೋರಾಗಿ ಕೆಳಗೆ ಮುಕ್ತಾಯ, ಕರುಣ. ಕೊನೆಯ ಗಂಟೆ ನೋಡು." ಇದರ ಜೊತೆ ಆರ್ಕೆಸ್ಟ್ರಾ, ಕಂಡಕ್ಟರ್, ವರ್ಷ, ಟ್ರ್ಯಾಕಿನ ಉದ್ದ ತಪ್ಪದೆ ಬರೆಯಬೇಕು. ಇಲ್ಲದಿದ್ದರೆ ಟೆಂಪೋ ಅಂಕಿ ಯಾವುದಕ್ಕೂ ಬಾರದು.

ಕೊನೆಯ ಗಂಟೆಯ ವಿಷಯ ಹೇಳಿಬಿಡುತ್ತೇನೆ. ಇಡೀ ವೃಂದ ಎ ಮೈನರ್ ಸ್ವರಗಳನ್ನು ಹಿಡಿದು ನಿಂತಿರುವಾಗ ಗಂಟೆಯನ್ನು ಎಷ್ಟು ಮೆಲ್ಲಗೆ ಬಾರಿಸುತ್ತಾರೆಂದರೆ ಬಾರಿಸಿದ್ದೇ ತಿಳಿಯುವುದಿಲ್ಲ. ತಟ್ಟನೆ ತಂತಿಗಳು ನಿಲ್ಲುತ್ತವೆ. ಉಳಿಯುವುದು ಗಂಟೆಯ ಗುಂಯ್ ಮಾತ್ರ. ಅದರೊಳಗೆ ಕಿವಿಯಿಟ್ಟರೆ ಸಿ ಶಾರ್ಪ್ ಕೇಳಿಸುತ್ತದೆ, ಅಂದರೆ ಅಂತರ ಗಾಂಧಾರ! ಯಾರೂ ನುಡಿಸಿದ್ದಲ್ಲ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯಲ್ಲಿ ಸ್ವಯಂಭೂ ಗಾಂಧಾರ ಕೇಳಿಸುತ್ತದಲ್ಲ, ಹಾಗೆ. ಆರು ನಿಮಿಷ ಮೈನರ್‌ನಲ್ಲೇ ಇದ್ದ ಕೃತಿ ಕೊನೆಯ ಉಸಿರಿನಲ್ಲಿ ಮೇಜರ್ ಕಡೆ ವಾಲುತ್ತದೆ. ಇದನ್ನು ಕೇಳಲು ರಾತ್ರಿ ಫ್ಯಾನ್ ಆಫ್ ಮಾಡಿ ಕೂರಿ, ವಾಲ್ಯೂಮ್ ಸ್ವಲ್ಪ ಏರಿಸಿ. ಮರೆಯದೆ ತಂಬೂರಿ ಆ್ಯಪನ್ನೂ ನಿಲ್ಲಿಸಿರಿ. ನಾನು ಮೊದಲ ಸಲ ಅದನ್ನು ಹಾಗೇ ಬಿಟ್ಟು, ತಂಬೂರಿಯದ್ದೇ ಗಾಂಧಾರ ಕೇಳಿಸಿಕೊಂಡು ಗಂಟೆಯದು ಅಂತ ಎರಡು ದಿನ ಖುಷಿಪಟ್ಟಿದ್ದೆ.